ಆವುಲಪ್ಪನ ಗುರು ರೇಷ್ಮೆ ಹುಳು

“ಇವತ್ತಿಂದ ನಾನು ಅನ್ನ ಬಿಟ್ಟೆ ಕಣೇ. ಬರೀ ನೀರು. ಹಸಿವು, ಆಸೆ ಎಲ್ಲಾ ಗೆದ್ದುಬಿಡ್ತೀನಿ.”

ಸಾದಲಿಯ ಆವುಲಪ್ಪ ಹೀಗೆ ಘೋಷಿಸಿದಾಗ ಹೆಂಡತಿ ಗಂಗುಲಮ್ಮ ಹುಳುಮನೆಯ ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ಸೊಂಟ ನೀವಿಕೊಂಡಳು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಏನನ್ನೇ ಬಿಟ್ಟರೂ ಅದು ಬಂದು ಬೀಳುತ್ತಿದ್ದುದು ಅವಳ ತಲೆಯ ಮೇಲೆಯೇ.

“ಯಾರು ಹೇಳ್ಕೊಟ್ರು ಇದನ್ನ?”

“ಫೋನಲ್ಲಿ ಒಬ್ರು ಸ್ವಾಮಿಗಳು. ದೇಹ ದಂಡಿಸಿದೋನಿಗೇ ಮೋಕ್ಷ ಅಂತೆ. ಅವ್ರ ಮಾತು ಬೇಡ, ಈ ಹುಳಾನೇ ನೋಡು. ಸೊಪ್ಪು ಬಿಟ್ಟು, ಗೂಡು ಕಟ್ಕೊಂಡು ಒಳಗೆ ತಪಸ್ಸಿಗೆ ಕೂತ್ಕೊಳ್ತದೆ. ಇದೇ ನನ್ನ ಗುರು.”

“ಗುರುಗಳಿಗೆ ಈಗ ಹಸಿವು. ಸೊಪ್ಪು ಹಾಕಿ ಬನ್ನಿ.”

ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನೊಂದು ವಾರವೂ ಇರಲಿಲ್ಲ. ಹಗಲು ರಾತ್ರಿ ಎನ್ನದೆ ಮೇಯುವ ಕಾಲ ಅದು. ಈ ಬೆಳೆ ಗೂಡಾಗಿ ಶಿಡ್ಲಘಟ್ಟದ ರೇಷ್ಮೆ ಮಾರುಕಟ್ಟೆ ಸೇರಿದರೆ ಚಿಂತಾಮಣಿಯ ತಂಗಿ ಮನೆಗೆ ಹೋಗಬೇಕೆಂದು ಗಂಗುಲಮ್ಮನ ಆಸೆ. ಅಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಬರೀ ಮಲಗಬೇಕು, ಅಷ್ಟೇ.

ಮೊದಲ ದಿನ ಆವುಲಪ್ಪ ಮಂಚ ಬಿಟ್ಟ. ಚಾಪೆ ಹಾಸಿ ಮಡಿಸುವ ಕೆಲಸ ಅವಳಿಗೆ ಬಂತು. ಮರುದಿನ ಸೊಪ್ಪು ಕೊಯ್ಯುವುದು ಬಿಟ್ಟ, ಗಿಡಕ್ಕೆ ನೋವಾಗುತ್ತದಂತೆ. ಕುಡುಗೋಲೂ ಅವಳ ಕೈಗೇ ಬಂತು. ಆಮೇಲೆ ಮಾತು ಬಿಟ್ಟ. ಅದೊಂದಾದರೂ ಲಾಭ ಎಂದುಕೊಳ್ಳುವಷ್ಟರಲ್ಲಿ ಸನ್ನೆ ಶುರುವಾಯಿತು: ಬಿಸಿನೀರು, ನಿಂಬೆಹಣ್ಣು, ಬೀಸಣಿಗೆ, ದಿಂಬು. ಸರ್ವಸಂಗ ಪರಿತ್ಯಾಗಿಗೆ ಇಷ್ಟೊಂದು ಸಾಮಾನು ಬೇಕೆಂದು ಪಾಪ, ಅವಳಿಗೆ ಗೊತ್ತಿರಲಿಲ್ಲ.

“ನಿಮ್ಮ ಯಜಮಾನ್ರ ಮುಖದಲ್ಲಿ ಏನೋ ಕಳೆ ಬಂದದೆ ಕಣಕ್ಕ,” ಎಂದಳು ಪಕ್ಕದ ಮನೆಯ ಯಶೋಧರಾ.

“ಬೆವರು ಕಣಮ್ಮ ಅದು,” ಎಂದಳು ಗಂಗುಲಮ್ಮ. ನಗುವುದಕ್ಕೂ ತ್ರಾಣವಿರಲಿಲ್ಲ.

ಒಂದು ಬೆಳಿಗ್ಗೆ ಹುಳು ಹಣ್ಣಾಯಿತು. ಹಣ್ಣಾದ ಹುಳು ಯಾರ ವ್ರತಕ್ಕೂ ಕಾಯುವುದಿಲ್ಲ. ಆರಿಸಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು, ಇಲ್ಲದಿದ್ದರೆ ಕಂಡಲ್ಲೆಲ್ಲ ನೂಲು ಸುತ್ತಿ ಬೆಳೆ ಹಾಳು.

“ಕೈ ಮುಗಿತೀನಿ, ಇದೊಂದಿನ ಎದ್ದು ಬನ್ನಿ,” ಎಂದಳು.

ಆವುಲಪ್ಪ ಗಂಭೀರವಾಗಿ ಎದ್ದ. ಹುಳುಮನೆಗೆ ಕಾಲಿಡುತ್ತಲೇ ಲೋಕವೆಲ್ಲ ಗಿರ್ರನೆ ತಿರುಗಿತು. ಆಸರೆಗೆಂದು ಹುಳುವಿನ ತಟ್ಟೆಗಳ ಅಟ್ಟಣಿಗೆ ಹಿಡಿದ. ಅಟ್ಟಣಿಗೆಯೂ ಅವನ ಜೊತೆಗೇ ಬಂತು.

“ಅಯ್ಯಯ್ಯೋ, ಎತ್ತೇ ನನ್ನ!” ಮೌನವ್ರತ ಅಲ್ಲಿಗೆ ಮುಗಿಯಿತು.

ಗಂಗುಲಮ್ಮ ಗಂಡನನ್ನು ನೋಡಿದಳು, ಹುಳುವನ್ನು ನೋಡಿದಳು. ಮೊದಲು ಹುಳುವನ್ನು ಎತ್ತಿದಳು.

ಯಶೋಧರಾ ಓಡಿಬಂದಳು. ನೆಲದಿಂದ, ಸೊಪ್ಪಿನಡಿಯಿಂದ, ಆವುಲಪ್ಪನ ತಲೆಗೂದಲಿನಿಂದ ಹುಳು ಆರಿಸುವುದರಲ್ಲಿ ಸಂಜೆಯಾಯಿತು. ಸ್ವಲ್ಪ ನಷ್ಟವಾದರೂ ಬೆಳೆ ಉಳಿಯಿತು, ಚಿಂತಾಮಣಿಯ ನಿದ್ದೆಯೂ ಉಳಿಯಿತು. ತಪಸ್ವಿ ಗೋಡೆಗೊರಗಿ ಎರಡನೇ ಮುದ್ದೆ ಮುರಿಯುತ್ತಿದ್ದ. ಹೊಟ್ಟೆಗೆ ಬಿದ್ದೊಡನೆ ವೇದಾಂತವೂ ಎದ್ದು ಕೂತಿತು.

“ಏನೇ ಅನ್ನು, ಹುಳಾನೂ ಎಲ್ಲಾ ಬಿಟ್ಟೇ ತಪಸ್ಸಿಗೆ ಕೂತ್ಕೊಳ್ಳೋದು.”

“ಹೊಟ್ಟೆ ಬಿರಿಯ ತಿಂದಮೇಲೆ ಕೂತ್ಕೊಳ್ತದೆ. ಹಂಗೆ ಕೂತಿದ್ದನ್ನ ಶಿಡ್ಲಘಟ್ಟದಲ್ಲಿ ಏನ್ ಮಾಡ್ತಾರೆ?”

ಆವುಲಪ್ಪನ ಕೈ ತಟ್ಟೆಯಲ್ಲೇ ನಿಂತಿತು. “ಕುದಿಯೋ ನೀರಿಗೆ ಹಾಕ್ತಾರೆ.”

“ಹಂಡೇಲಿ ನೀರು ಕಾದದೆ,” ಎಂದಳು ಗಂಗುಲಮ್ಮ, ಸೊಂಟ ಹಿಡಿದುಕೊಂಡು ಏಳುತ್ತಾ. “ಬರ್ತೀರಾ, ಗುರುವಿನ ದಾರೀಲೇ?”