ತಿದ್ದಲಾಗದ ಭಾಷೆಗೆ ದರ್ಜಿಯ ಮಗಳ ಬಿನ್ನಹ

ಮಾನ್ಯ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆಯವರ ಸನ್ನಿಧಾನಕ್ಕೆ,

ತಮ್ಮ ಸೇವೆಯಲ್ಲಿ ಕಣ್ಣು, ಕತ್ತು, ಸೊಂಟ ಮೂರನ್ನೂ ಸವೆಸಿಕೊಂಡಿರುವ ಪ್ರೋಗ್ರಾಮರ್ ಒಬ್ಬರ ಹೆಂಡತಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೋ ಅಲ್ಲವೋ ಎಂಬುದು ದಿನವೂ ನಮ್ಮವರ ಮುಖ ನೋಡಿದರೆ ತಿಳಿಯುತ್ತದೆಯಾದ್ದರಿಂದ ಕೇಳುವ ಅಗತ್ಯ ಬೀಳುವುದಿಲ್ಲ. ತಮ್ಮ ದೆಸೆಯಿಂದ ನನ್ನ ಅಪ್ಪ ನಮ್ಮ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದರಿಂದ, ನಾಲ್ಕು ಜನರೆದುರಿಗೇ ಈ ಬಿನ್ನಹ ಮಾಡಿಕೊಳ್ಳಬೇಕಾಗಿದೆ.

ತಮ್ಮ ರಾಜ್ಯದಲ್ಲಿ ಒಂದು ವಸ್ತುವನ್ನು ಒಮ್ಮೆ ಹೀಗೆಂದು ಬರೆದಿಟ್ಟರೆ ಆಮೇಲೆ ಬ್ರಹ್ಮ ಬಂದರೂ ತಿದ್ದುವಂತಿಲ್ಲವಂತೆ. ಬೇರೆ ಥರ ಬೇಕೆನಿಸಿದರೆ ಹಳೆಯದನ್ನು ಮುಟ್ಟದೆ, ಪಕ್ಕದಲ್ಲಿ ಹೊಸದೊಂದನ್ನು ಮಾಡಿಕೊಳ್ಳಬೇಕಂತೆ. ಹಿಂದಿನಿಂದ ಯಾರೋ ಕೈಯಾಡಿಸಿ ಕೆಲಸ ಕೆಡಿಸುವ ಭಯವೇ ಇಲ್ಲವೆಂದು ಹೇಳುವಾಗ ನಮ್ಮವರ ಕಣ್ಣಲ್ಲಿ ನೀರಾಡುತ್ತದೆ. ಮದುವೆಯ ದಿನವೂ ಆಡಿರಲಿಲ್ಲ.

ಇಂಥ ಉದಾತ್ತ ನಿಯಮ ಆಫೀಸಿನಲ್ಲೇ ಕೂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಈಗ ಕಾಫಿಗೆ ಸಕ್ಕರೆ ಸಾಲದಿದ್ದರೆ ನಮ್ಮವರು ಸಕ್ಕರೆ ಹಾಕಿಕೊಳ್ಳುವುದಿಲ್ಲ. ಆ ಲೋಟವನ್ನು ಗೌರವದಿಂದ ಬದಿಗಿಟ್ಟು, ಸಕ್ಕರೆ ಸರಿಯಿರುವ ಇನ್ನೊಂದು ಕಾಫಿ ಮಾಡಿಕೊಳ್ಳುತ್ತಾರೆ. ಬೇಡವಾದದ್ದನ್ನು ತಮ್ಮಲ್ಲಿ ಯಾರೂ ಹೇಳದೆಯೇ ಯಾರೋ ಬಂದು ಗುಡಿಸಿ ಒಯ್ಯುತ್ತಾರೆಂದು ಕೇಳಿ ಸಂತೋಷವಾಯಿತು. ನಮ್ಮಲ್ಲಿ ಆ ಹುದ್ದೆಗೆ ನನ್ನನ್ನು ನೇಮಿಸಿದವರು ಯಾರೆಂದು ಇನ್ನೂ ತಿಳಿದುಬಂದಿಲ್ಲ.

ನನ್ನ ಅಪ್ಪ ದರ್ಜಿ. ಬಿಚ್ಚಿ ಹೊಲಿಯಲಾಗದ್ದು ಲೋಕದಲ್ಲೇ ಇಲ್ಲವೆಂಬುದು ಅವರ ಮತ. ಬೆಳಿಗ್ಗೆ ಹೇಳಿದ ಕಥೆಯನ್ನೇ ಸಂಜೆಯೊಳಗೆ ತೋಳು ಮೊಟಕು ಮಾಡಿ, ಸೊಂಟ ಸಡಿಲಿಸಿ, ಕೇಳುವವರ ಅಳತೆಗೆ ಸರಿಹೊಂದಿಸುವವರು. ನಮ್ಮವರ ಪ್ಯಾಂಟು ಹೊಟ್ಟೆಗೆ ಬಿಗಿಯಾದದ್ದನ್ನು ಕಂಡು "ಕೊಡಿ ಅಳಿಯಂದ್ರೇ, ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡ್ತೀನಿ" ಎಂದದ್ದೇ ತಡ, ತಮ್ಮ ಶಿಷ್ಯರು "ಬೇಡಿ ಮಾವ, ಆಗಿದ್ದನ್ನ ಬಿಚ್ಚೋದೆಲ್ಲ ತೇಪೆ ಕೆಲಸ, ಹೊಸದೇ ಹೊಲಿಸ್ಕೊಂಡ್ರಾಯ್ತು" ಎಂದು ಶಾಸ್ತ್ರೋಕ್ತವಾಗಿ ಉತ್ತರಿಸಿದರು. ಜೀವಮಾನವಿಡೀ ಬಿಚ್ಚಿ ಹೊಲಿದೇ ನನ್ನನ್ನು ಓದಿಸಿದ ಅಪ್ಪ ತಟ್ಟನೆ ಎದ್ದುಹೋದರು. ಅಳಿಯ ಆ ಮಾತನ್ನು ವಾಪಸ್ ತೆಗೆದುಕೊಳ್ಳುವವರೆಗೆ ಬರುವುದಿಲ್ಲವೆಂದು ಹೇಳಿಕಳಿಸಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರೂ ತಮ್ಮ ಪಕ್ಷವನ್ನೇ ಸೇರಿಬಿಟ್ಟಿರುವುದು ನನ್ನ ದುರದೃಷ್ಟ. "ಆಡಿದ್ದನ್ನ ಅಳಿಸೋಕೆ ಬರಲ್ಲ ಕಣೇ, ಬೇಕಾದ್ರೆ ಪಕ್ಕದಲ್ಲಿ ಒಂದು ಒಳ್ಳೇ ಮಾತು ಇಟ್ಟು ಬರ್ತೀನಿ" ಎಂದು ಹೋದ ನಮ್ಮವರು ಅಪ್ಪನ ಅಂಗಡಿಯಲ್ಲಿ ಕತ್ತರಿಯನ್ನು ಹೊಗಳಿದರು, ಹೊಲಿಗೆಯಂತ್ರವನ್ನು ಹೊಗಳಿದರು, ಗುಂಡಿಯ ಡಬ್ಬವನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಅಪ್ಪ "ಸಂತೋಷ. ಆ ಮಾತಿನ ಕಥೆ ಏನಾಯ್ತು?" ಎಂದರಂತೆ.

ಕೊನೆಗೆ ಅಪ್ಪ ತಾವೇ ಆ ಮಾತನ್ನು ಬಿಚ್ಚಿ ಹೊಲಿದುಕೊಂಡಿದ್ದಾರೆ. "ಈ ವಯಸ್ಸಲ್ಲಿ ನಿಮಗ್ಯಾಕೆ ಮಾವ ತೇಪೆ ಕೆಲಸ ಅಂದ ನಮ್ಮಳಿಯ, ಕರುಳಿರೋ ಹುಡುಗ" ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡು, ಈ ಭಾನುವಾರ ಊಟಕ್ಕೆ ಬರುವವರಿದ್ದಾರೆ. ನಾನು ಆನಂದಬಾಷ್ಪ ಒರೆಸಿಕೊಳ್ಳುವ ಮೊದಲೇ ನಮ್ಮವರು "ನಾನೆಲ್ಲಿ ಹಾಗಂದೆ? ಅಂದಿದ್ದು ಅಂದಹಾಗೇ ಇರ್ಬೇಕು. ಊಟಕ್ಕೆ ಕೂತಾಗ ಸರಿಯಾಗಿ ಹೇಳ್ತೀನಿ" ಎಂದು ಘೋಷಿಸಿದ್ದಾರೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಭಾನುವಾರ ಮಧ್ಯಾಹ್ನದ ಮಟ್ಟಿಗೆ ನಮ್ಮವರನ್ನು ಮುಟ್ಟದೆ ಬದಿಗಿಟ್ಟು, ಉಣ್ಣುವುದಕ್ಕಷ್ಟೇ ಬಾಯಿ ತೆರೆಯುವ, ಮಿಕ್ಕಂತೆ ತದ್ರೂಪಿಯಾದ ಹೊಸ ಗಂಡನೊಬ್ಬನನ್ನು ಪಕ್ಕದಲ್ಲಿ ಮಾಡಿಕೊಡಬೇಕೆಂದು ಪ್ರಾರ್ಥನೆ. ಅಪ್ಪ ಉಂಡು ಹೋದ ಮೇಲೆ ಹಳಬರನ್ನು ಹಿಂದಿರುಗಿಸಬಹುದು. ಹೊಸಬರನ್ನು ಗುಡಿಸಿ ಒಯ್ಯಲು ಅಂಥ ಅವಸರವೇನಿಲ್ಲ.

ಇತಿ,
ತಿದ್ದಿಕೊಳ್ಳಲು ಸದಾ ಸಿದ್ಧಳಾಗಿರುವ
ತಮ್ಮ ವಿಶ್ವಾಸಿ,
ದರ್ಜಿಯ ಮಗಳು

ತಾ.ಕ.: ಪೆನ್ಸಿಲ್ಲಿನಲ್ಲಿ ಬರೆದ ಈ ಕರಡನ್ನು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ ನಮ್ಮವರು, "ಅಯ್ಯೋ, ನಾನಂದಿದ್ದನ್ನ ಅಳಿಸೇ, ಮಾವ ಓದಿದ್ರೆ ನೊಂದ್ಕೋತಾರೆ. ಅವರು ಹೇಳ್ತಿರೋ ಥರಾನೇ ಬರಿ" ಎಂದರು. ಬರೆದದ್ದನ್ನು ತಿದ್ದಲು ತಮ್ಮ ನಿಯಮ ಒಪ್ಪುವುದಿಲ್ಲವೆಂದು ವಿನಯದಿಂದ ನೆನಪಿಸಿದೆ. ಈಗ ಮನೆಯೆಲ್ಲ ರಬ್ಬರ್ ಹುಡುಕುತ್ತಿದ್ದಾರೆ. ಅದು ಎಲ್ಲಿದೆಯೆಂದು ಭಾನುವಾರದ ಊಟವಾದ ಮೇಲೆ ಹೇಳುತ್ತೇನೆ.