ಸೈಲೆನ್ಸರ್ ಕಂಡರೆ ಕೈ ಸುಮ್ಮನಿರದು

ಹೊಳೆಯಬೇಕಾದ ಸೈಲೆನ್ಸರ್ ಮಸಿ ಬಳಿದುಕೊಂಡು ಕೂತಿರುವುದನ್ನು ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಹಾಗಾಗಿ ಮುಂದೆ ಹೇಳುವಂಥವು ನನ್ನ ಬಾಳಿನಲ್ಲಿ ಆಗುತ್ತಲೇ ಇರುತ್ತವೆ. ಬಳ್ಳಾರಿಯಲ್ಲಿ ನನ್ನದೊಂದು ವಾಟರ್ ಸರ್ವಿಸ್ ಇದೆ. ಬೈಕು ತೊಳೆಯುವವರು ಊರ ತುಂಬ ಇದ್ದಾರೆ. ಆದರೆ ಕ್ರೋಮ್ ಸೈಲೆನ್ಸರಿನ ಮೂತಿಗೆ ಮೆತ್ತಿದ ಡಾಂಬರು, ಜಿಡ್ಡನ್ನು ಒಂದು ಗೀರೂ ಬೀಳದಂತೆ ತೆಗೆಯುವವನು ನಾನೊಬ್ಬನೇ ಎಂಬ ಜಂಬ ನನಗೆ. ಅಂಗಡಿಯೊಳಗೆ ಈ ಚಟ ಹೊಟ್ಟೆ ತುಂಬಿಸುತ್ತದೆ. ಹೊರಗೆ ಇದೇ ನನ್ನ ಮದುವೆಗೆ ಅಡ್ಡಗಾಲು. ನನಗೀಗ ಮೂವತ್ತನಾಲ್ಕು, ಅವ್ವ ದಿನಾ ಬೆಳಿಗ್ಗೆ ಅದನ್ನು ನೆನಪಿಸಿಯೇ ಚಾ ಕೊಡುತ್ತಾಳೆ.

ರಸ್ತೆ ಹಾಕಿಸುವ ಸಾಹೇಬರು

ಒಂದು ದಿನ ಹನ್ನೊಂದಕ್ಕೆ ಹೆಣ್ಣಿನ ಕಡೆಯವರು ನಮ್ಮ ಮನೆಗೆ ಬರುವವರಿದ್ದರು. ಅಂಗಡಿಯ ಶಟರ್ ಎಳೆಯುತ್ತಿದ್ದೆ. ಅಷ್ಟರಲ್ಲಿ ರಸ್ತೆ ಕೆಲಸ ನೋಡಿಕೊಳ್ಳುವ ಸಾಹೇಬರೊಬ್ಬರು ಗಾಡಿ ತಂದು ನಿಲ್ಲಿಸಿದರು. ಸೈಲೆನ್ಸರಿನ ಮೂತಿ ಸುಟ್ಟ ಬದನೆಕಾಯಿಯಂತಾಗಿತ್ತು. ನನ್ನ ಕೈ ಶಟರ್ ಬಿಟ್ಟಿತು.

ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಡಾಂಬರು ನೆನೆಯಲು ಬಿಟ್ಟೆ. ಸಾಹೇಬರಿಗೆ ತಡೆಯಲಿಲ್ಲ. "ಪಾಲಿಶ್ ಕಾಗದ ತಗೊಂಡು ಬರಾಬರಾ ತಿಕ್ಕೋ ಮಾರಾಯ."

"ಹಂಗ ತಿಕ್ಕಿದ್ರ ಡಾಂಬರಿಗಿಂತ ಮೊದಲ ಕ್ರೋಮ್ ಹೋಗ್ತೈತ್ರಿ ಸರ."

"ಎಂಥಾ ಡಾಂಬರಪ್ಪ ಇದು! ಎರಡು ಮಳಿಗಾಲ ಆತು, ಬಿಡವಲ್ದು."

"ಯಾವ ರಸ್ತಿದ್ರಿ ಇದು?"

"ಇಲ್ಲೇ, ನಿಮ್ಮ ಹಿಂದಿನ ಓಣಿದು. ನಾನ ನಿಂತು ಹಾಕ್ಸೀನಿ."

ಆ ಓಣಿಯಲ್ಲಿ ನಾನು ದಿನಾ ಗುಂಡಿ ಎಣಿಸುತ್ತ ಬರುವವನು. ಸೈಲೆನ್ಸರಿಗೆ ಸುತ್ತಿದ ಬಟ್ಟೆ ಬಿಚ್ಚದೆ ಹಾಗೇ ಹಿಡಿದುಕೊಂಡು ಕೇಳಿದೆ: "ಸರ, ರಸ್ತಿ ಮ್ಯಾಲಿಂದು ಒಂದ ಮಳಿಗೆ ಹೋತ್ರಿ. ಆ ರಸ್ತಿದು ಅಂತ ಉಳದಿದ್ದು ಇದೊಂದ. ಇದನ್ನೂ ತೆಗಿಬೇಕೇನ್ರಿ?"

ಕುರುಗೋಡಿನ ಬಸ್ ಸ್ಟ್ಯಾಂಡು

ಆ ಸಂಬಂಧ ತಪ್ಪಿತು. ನಾನು ಮನೆ ಮುಟ್ಟುವಷ್ಟರಲ್ಲಿ ಬಂದವರು ಉಪ್ಪಿಟ್ಟು ತಿಂದು ಎದ್ದಿದ್ದರು. ಮುಂದಿನದು ಕುರುಗೋಡಿನ ಹೆಣ್ಣು. ಈ ಸಲ ಅವ್ವ ನನ್ನ ರಟ್ಟೆ ಹಿಡಿದೇ ಬಸ್ಸು ಹತ್ತಿಸಿದಳು. ಇಳಿದ ಮೇಲೆ, "ಹೂವು, ಬಾಳಿಹಣ್ಣು ತರ್ತೀನಿ. ಇಲ್ಲೇ ನಿಂದ್ರು, ಅಲ್ಲಾಡಬ್ಯಾಡ" ಎಂದು ಹೇಳಿ ಹೋದಳು.

ನಾನು ಅಲ್ಲಾಡಲಿಲ್ಲ. ಗಾಡಿಯೇ ನನ್ನ ಮುಂದೆ ಬಂದು ನಿಂತಿತು. ಸವಾರ ಚಾ ಅಂಗಡಿಗೆ ಹೋದ. ಸೈಲೆನ್ಸರಿಗೆ ನೀಲಿ ಕ್ಯಾರಿಬ್ಯಾಗ್ ಕರಗಿ ಅಂಟಿತ್ತು. ಅದು ಬಿಸಿ ಇದ್ದಾಗಲೇ ಕಿತ್ತರೆ ಬರುತ್ತದೆ, ಆರಿದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಕಾಯುವ ಹಾಗಾದರೂ ಎಲ್ಲಿದೆ? ನೆಲದಲ್ಲಿ ಬಿದ್ದಿದ್ದ ಐಸ್‌ಕ್ರೀಮ್ ಕಡ್ಡಿ ತೆಗೆದುಕೊಂಡು ಕುಕ್ಕರಗಾಲಿನಲ್ಲಿ ಕೂತೆ. ಅರ್ಧ ಬಂದಿತ್ತು, ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದರು.

"ಲೇ, ಹಾಡುಹಗಲಾಗ ಸೈಲೆನ್ಸರ್ ಬಿಚ್ಚತೀಯೇನ್ಲೇ?"

"ಬಿಚ್ಚಾಕತ್ತಿಲ್ರಿ, ಸ್ವಚ್ಛ ಮಾಡಾಕತ್ತೀನಿ."

"ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ."

"ಎಷ್ಟು ರೊಕ್ಕ?"

"ರೊಕ್ಕ ಬ್ಯಾಡ್ರಿ."

ಅಲ್ಲಿಯವರೆಗೆ ಅರ್ಧ ಅನುಮಾನವಿತ್ತು. ಪುಕ್ಕಟೆ ಎಂದ ಕೂಡಲೇ ಸುತ್ತ ನೆರೆದ ಜನರಿಗೆ ನಾನು ಕಳ್ಳನೇ ಎಂಬುದು ಖಾತ್ರಿಯಾಯಿತು. ಹಿರಿಯರೊಬ್ಬರು ನ್ಯಾಯ ಹೇಳಿದರು: "ಪೂರಾ ಮಾಡ್ಲಿ. ಹೊಳದ್ರ ಬಿಡೂನು, ಇಲ್ಲಂದ್ರ ಸ್ಟೇಷನ್ನಿಗೆ ಒಯ್ಯೂನು." ಯಾರೋ ಟ್ರ್ಯಾಕ್ಟರಿನಿಂದ ಡೀಸೆಲ್ ತಂದರು. ಜೀವ ಕೈಯಲ್ಲಿ ಹಿಡಿದು ತಿಕ್ಕಿದೆ. ಹೊಳೆಯಿತು. ಹಿರಿಯರು ಅದನ್ನು ಬಗ್ಗಿ ನೋಡಿ, ತಮ್ಮ ಗಾಡಿಯನ್ನೇ ತಳ್ಳಿಕೊಂಡು ಬಂದರು. "ಇದನ್ನೂ ಮಾಡಪ್ಪ. ನನಗ ಇನ್ನಾ ನಂಬಿಕಿ ಬಂದಿಲ್ಲ." ಅವರ ಹಿಂದೆ ಇನ್ನೂ ನಂಬಿಕೆ ಬರದವರ ಐದು ಗಾಡಿ ನಿಂತಿದ್ದವು.

ಹೆಣ್ಣಿನ ಮನೆ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಹುಡುಗಿಯ ಅಜ್ಜಿ ನನ್ನ ಹತ್ತಿರ ಬಂದು ಮೂಸಿ ನೋಡಿದರು. ಆಮೇಲೆ ಅವ್ವನನ್ನು ಮೆಲ್ಲಗೆ ಕೇಳಿದರು: "ಹುಡುಗ ಜಳಕ ಡೀಸೆಲ್‌ನಾಗ ಮಾಡ್ತಾನೇನವ್ವ?"

ಸಿರುಗುಪ್ಪದ ಹಿತ್ತಲು

ಐದು ಸಂಬಂಧ ತಪ್ಪಿದ ಮೇಲೆ, ಸಿರುಗುಪ್ಪಕ್ಕೆ ಹೆಣ್ಣು ನೋಡಲು ಹೊರಡುವ ಮುನ್ನ ಅವ್ವ ಅತ್ತೇಬಿಟ್ಟಳು. "ಆರನೇದ್ದೋ ಇದು. ಇದೂ ತಪ್ಪಿದ್ರ ನಾ ಯಾರ ಮನಿಗೂ ಬರಂಗಿಲ್ಲ. ಹೋದಾಗಿಂದ ಬರೂತನ ಕೈ ಕಿಸೇದಾಗಿರ್ಲಿ." ಮದುವೆಯ ಆಸೆ ಅವ್ವನಿಗೆ ಮಾತ್ರ ಇದ್ದದ್ದಲ್ಲ. ಕೈಯನ್ನು ಕಿಸೆಯಲ್ಲಿಟ್ಟುಕೊಂಡೇ ಬಾಡಿಗೆ ಜೀಪು ಹತ್ತಿದೆ.

ಅಲ್ಲಿ ಎರಡೂ ಕಡೆಯ ಹಿರಿಯರು ಪಡಸಾಲೆಯಲ್ಲಿ ಮಳೆ, ಬೆಳೆ, ಕಾಲುವೆ ನೀರು ಮಾತಾಡುತ್ತ ಕೂತರು. ಅವರು ಮುಖ್ಯ ಮಾತಿಗೆ ಬರುವಂತೆ ಕಾಣಲಿಲ್ಲ. ಕೂತಲ್ಲಿ ಕೂರಲಾಗದೆ, ಫೋನ್ ಬಂತೆಂದು ಸುಳ್ಳು ಹೇಳಿ ಹಿತ್ತಲಿಗೆ ಬಂದೆ. ಅಲ್ಲಿ ಹುಡುಗಿಯ ಅಪ್ಪನ ಹಳೆಯ ಕಾಲದ ಗಾಡಿ ನಿಂತಿತ್ತು. ಆಚೆಗೊಂದು ಈಚೆಗೊಂದು ಸೈಲೆನ್ಸರು, ಎರಡಕ್ಕೂ ಗಟ್ಟಿ ಡಾಂಬರು. ಪಕ್ಕದಲ್ಲೇ ಪಂಪ್‌ಸೆಟ್ಟಿನ ಡೀಸೆಲ್ ಕ್ಯಾನು. ದೇವರು ಪರೀಕ್ಷೆ ಮಾಡುವುದಾದರೆ ಇಷ್ಟೊಂದು ಮಾಡಬಾರದು. ಕರವಸ್ತ್ರ ತೆಗೆದೆ.

ಒಂದು ಮುಗಿಯುವ ಹೊತ್ತಿಗೆ ಮುಡಿ ತುಂಬ ಮಲ್ಲಿಗೆ ಮುಡಿದ ಹುಡುಗಿಯೊಬ್ಬಳು ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದಳು: "ಡ್ರೈವರಣ್ಣ, ಚಾ ಕುಡದ್ರಿ?"

ನಾನು ನೋಡಲು ಬಂದ ಹುಡುಗಿಯೇ ನನ್ನನ್ನು ಜೀಪಿನ ಡ್ರೈವರ್ ಅಂದುಕೊಂಡು ಅಣ್ಣ ಎಂದಳಲ್ಲ! ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು. "ಖರೇ ಹೇಳ್ರಿ, ಹುಡುಗ ಕುಡಿತಾನೇನು?"

"ಇಲ್ರಿ."

"ಸಿಟ್ಟಿನಾಂವೇನು?"

"ಇಲ್ರಿ."

"ಮತ್ತ ಐದು ಕಡಿ ಯಾಕ ಬ್ಯಾಡಂದ್ರು?"

ಸುಳ್ಳು ಬಾಯಿಗೆ ಬರಲಿಲ್ಲ. "ಎಲ್ಲಿ ಹೋದ್ರೂ ಮಂದಿ ಗಾಡಿ ಸೈಲೆನ್ಸರ್ ತಿಕ್ಕತಾನ್ರಿ."

"ಅಯ್ಯ, ಹುಚ್ಚು ಐತೇನು ಅವಗ?" ಎಂದು ನಕ್ಕವಳು ನನ್ನ ಕೈ ನೋಡಿದಳು, ಗಾಡಿ ನೋಡಿದಳು. ನಗು ಅರ್ಧಕ್ಕೇ ನಿಂತಿತು. ಒಳಗೆ ಓಡಿದಳು.

ಮುಗಿಯಿತು ಎಂದುಕೊಂಡೆ. ನೀರು ಹಾಕಿಕೊಂಡರೂ ಕೈಯ ಕಪ್ಪು ಬಿಡಲಿಲ್ಲ. ಒಳಗೆ ಹೋಗಿ ಕೈ ಹಿಂದೆ ಕಟ್ಟಿ ಕೂತೆ. ಹುಡುಗಿ ಚಹಾ ತಟ್ಟೆ ಹಿಡಿದು ಬಂದು ನನ್ನ ಮುಂದೆಯೇ ನಿಂತಳು. ಅವ್ವ ಕಣ್ಣು ಬಿಟ್ಟಳು: "ತಗೋ!" ಗತಿಯಿಲ್ಲದೆ ಕೈ ಚಾಚಿದೆ. ಹತ್ತು ಬೆರಳನ್ನೂ ಎಲ್ಲರೂ ನೋಡಿದರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎಲೆಅಡಿಕೆ ಉಗುಳಲು ಹಿತ್ತಲಿಗೆ ಹೋಗಿದ್ದ ಹುಡುಗಿಯ ಅಪ್ಪ ವಾಪಸು ಬಂದು ನನ್ನನ್ನೇ ದಿಟ್ಟಿಸಿದರು. ಗಾಡಿ ನೋಡಿಕೊಂಡೇ ಬಂದಿದ್ದರು.

ಕಡೆಗೆ ಅವರು ಮಗಳ ಕಡೆ ತಿರುಗಿದರು. "ನೀನ ಹೇಳವ್ವ, ಹುಡುಗ ಒಪ್ಪಿಗಿ ಅದಾನೋ ಇಲ್ಲೋ?"

ಹುಡುಗಿ ತಲೆ ತಗ್ಗಿಸಿಯೇ ಹೇಳಿದಳು: "ಈಗ ಹೆಂಗ ಹೇಳ್ಲಿ ಅಪ್ಪಾ? ಬಲಗಡಿದಷ್ಟ ಆಗೈತಿ. ಈಗ ಹೂಂ ಅಂದುಬಿಟ್ರ ಎಡಗಡಿದು ಯಾರ ತಿಕ್ಕತಾರ?"