ಬಾವಿಗೆ ಬೀಳಲೊಪ್ಪದ ಕುಮುದಿನಿ

ಅಂದು ಅಮವಾಸ್ಯೆ, ಬನಹಟ್ಟಿಯ ಮಗ್ಗಗಳಿಗೆಲ್ಲ ರಜೆ. ಶಾಂತಿನಾಥನ ಮಾನ ಹೋಗಲು ಅಷ್ಟೇ ಸಾಕಾಯಿತು.

ಉಳಿದ ದಿನಗಳಲ್ಲಿ ಆ ಓಣಿಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕಿವಿಗೆ ಬಾಯಿ ಹಚ್ಚಬೇಕು. ಹೊತ್ತು ಮೂಡುವ ಮೊದಲೇ ಶುರುವಾದ ಲಾಳಿಗಳ ಖಟಖಟ ದೀಪ ಹಚ್ಚುವ ತನಕ ನಿಲ್ಲುತ್ತಿರಲಿಲ್ಲ. ಆ ಗದ್ದಲವೇ ಶಾಂತಿನಾಥನ ಗುಟ್ಟನ್ನು ಕಾಯುತ್ತಿತ್ತು. ಗುಟ್ಟೆಂದರೆ ದೊಡ್ಡದೇನಲ್ಲ. ಅವನು ಒಂದು ನಾಟಕ ಬರೆಯುತ್ತಿದ್ದ. ಬರೆಯುವಾಗ ಪಾತ್ರಗಳ ಮಾತನ್ನು ಗಟ್ಟಿಯಾಗಿ ಆಡಿ ನೋಡುತ್ತಿದ್ದ.

ತೇರದಾಳದ ಈ ಶಾಂತಿನಾಥನಿಗೆ ನಲವತ್ತೆರಡು ವರ್ಷ. ಮದುವೆಯಾದ ಮೂರನೆಯ ವರ್ಷವೇ ಹೆಂಡತಿ ಪ್ಲೇಗಿನಲ್ಲಿ ತೀರಿಕೊಂಡಿದ್ದಳು. ಆಮೇಲೆ ಸಂಸ್ಥಾನದ ಒಂದು ಕಚೇರಿಯಲ್ಲಿ ನಕಲು ಬರೆಯುವ ಕಾರಕೂನನಾಗಿ ಬನಹಟ್ಟಿಗೆ ಬಂದವನು, ನೇಕಾರ ಭೀಮಪ್ಪನ ಮನೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ. ಬೇರೆಯವರ ಅರ್ಜಿ, ಬೇರೆಯವರ ಜಗಳ, ಬೇರೆಯವರ ಹೊಲದ ಗಡಿ, ಎಲ್ಲವನ್ನೂ ದಿನವಿಡೀ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ ಸಂಜೆ ಕೋಣೆಗೆ ಮರಳಿದರೆ ಅವನಿಗೆ ಸ್ವಂತದ್ದೆನ್ನುವ ಒಂದು ಮಾತೂ ಇರುತ್ತಿರಲಿಲ್ಲ. ಕಚೇರಿಯಲ್ಲಿ ಅವನನ್ನು ‘ಏ ನಕಲು’ ಎಂದು ಕರೆಯುತ್ತಿದ್ದರು. ಓಣಿಯಲ್ಲಿ ಕರೆಯುತ್ತಲೇ ಇರಲಿಲ್ಲ.

ಹೋದ ಅಮವಾಸ್ಯೆ ಕಳೆದ ಮರುದಿನ ಓಣಿಯ ಹಿರಿಯ, ನಾಟಕ ಮಂಡಳಿಯ ಯಜಮಾನ ಗಿರಿಮಲ್ಲಪ್ಪ ದಾರಿಯಲ್ಲಿ ಸಿಕ್ಕು, “ಕಾರಕೂನರ, ನಿಮ್ಮ ಅಕ್ಷರ ಛಲೋ ಅದಾವಂತ. ನಮ್ಮ ಮಂಡಳಿಗೊಂದು ನಾಟಕ ಬರಕೊಡ್ರೆಲ್ಲ” ಎಂದಿದ್ದ. ಅಕ್ಷರ ಚೆನ್ನಾಗಿದ್ದರೆ ನಾಟಕವೂ ಬರುತ್ತದೆಂದು ಗಿರಿಮಲ್ಲಪ್ಪ ನಂಬಿದ್ದ; ಅವನು ನಂಬಿದ್ದರಿಂದ ಶಾಂತಿನಾಥನೂ ನಂಬಿದ. ಜಾಹೀರಾತಿನ ಹಾಳೆಯ ಮೇಲೆ ತನ್ನ ಹೆಸರು ಅಚ್ಚಾಗುವುದನ್ನು, ಪರದೆಯ ಮುಂದೆ ನಿಲ್ಲಿಸಿ ತನಗೆ ಹಾರ ಹಾಕುವುದನ್ನು ನೆನೆಯುತ್ತ ವೀರಸೇನನೆಂಬ ರಾಜನನ್ನೂ ಕುಮುದಿನಿಯೆಂಬ ರಾಣಿಯನ್ನೂ ಹುಟ್ಟಿಸಿದ.

ಮೂರನೆಯ ದಿನಕ್ಕೆ ಕುಮುದಿನಿ ಎದುರುತ್ತರ ಕೊಡತೊಡಗಿದಳು.

ಅವನು ಗೋಡೆಗೊರಗಿ ಕೂತು, “ಪ್ರಿಯೇ ಕುಮುದಿನೀ, ನಿನ್ನ ಮುಖಚಂದ್ರನನ್ನು ಕಾಣದೆ ನನ್ನ ಹೃದಯಕಮಲವು ಬಾಡಿಹೋಗಿದೆ” ಎಂದು ರಾಜನ ಪರವಾಗಿ ಹೇಳಿ, ರಾಣಿ ಏನನ್ನಬೇಕೆಂದು ಪೆನ್ಸಿಲು ಕಚ್ಚುತ್ತಿದ್ದ. ಆಗ ಲಾಳಿಗಳ ಸದ್ದಿನ ಸಂದಿನಿಂದ ತೇಲಿಬಂದಂತೆ ಅವಳ ಮಾತು ಕೇಳಿತು.

“ಚಂದ್ರ ಬಂದ್ರ ಕಮಲ ಬಾಡೂದ ಮತ್ತ. ಅದ ಇರ್ಲಿ, ಉಂಡೀರಿಲ್ಲೊ?”

ಶಾಂತಿನಾಥ ಬೆಚ್ಚಿದ. ಆಮೇಲೆ ಹಿಗ್ಗಿದ. ಕವಿಗಳಿಗೆ ಸರಸ್ವತಿ ಕಿವಿಯಲ್ಲಿ ನುಡಿಯುತ್ತಾಳೆಂದು ಕೇಳಿದ್ದ; ಬನಹಟ್ಟಿಗೆ ಬಂದ ಸರಸ್ವತಿ ಬನಹಟ್ಟಿಯ ಕನ್ನಡ ಆಡದೆ ಇನ್ನೇನು ಮಾಡಿಯಾಳು ಎಂದುಕೊಂಡು ಆ ಮಾತನ್ನು ಹಾಗೆಯೇ ಬರೆದುಕೊಂಡ. ಯಾರೂ ಮಾತಾಡಿಸದ ಮನುಷ್ಯನಿಗೆ ತಲೆಯೊಳಗೊಂದು ದನಿ ಕೇಳಿಸಿದರೆ ಅದನ್ನು ತನಿಖೆ ಮಾಡುವ ಮನಸ್ಸು ಬರುವುದಿಲ್ಲ.

ಅಂದಿನಿಂದ ಅವನ ದಿನಗಳೇ ಬದಲಾದವು. ಕಚೇರಿಯಲ್ಲಿ ಕೂತಾಗಲೂ ಸಂಜೆ ಕುಮುದಿನಿಗೆ ಏನು ಹೇಳಬೇಕೆಂದು ಕೂಡಿಸಿಡುತ್ತಿದ್ದ. ಅವಳು ಹೊಗಳಿಕೆಗೆ ಬಗ್ಗುವ ಪೈಕಿ ಅಲ್ಲ. “ಪೀತಾಂಬರ ಉಟ್ಕೊಂಡು ಒಲಿ ಮುಂದ ಕುಂದರ್ತಾರೇನ್ರಿ?” ಎನ್ನುತ್ತಿದ್ದಳು. “ನೀವು ಭಾಳ ಮಾತಾಡ್ತೀರಿ, ಒಂದ ಕೆಲಸಾ ಮಾಡೂದಿಲ್ಲ” ಎನ್ನುತ್ತಿದ್ದಳು. ಎರಡನೆಯ ವಾರಕ್ಕೆ ‘ರೀ’ ಹೋಗಿ ‘ನೀ’ ಬಂತು. ಶಾಂತಿನಾಥ ಆ ದಿನ ಎರಡು ರೊಟ್ಟಿ ಹೆಚ್ಚು ತಿಂದ.

ಹೀಗೆ ಅಮವಾಸ್ಯೆಯ ಬೆಳಗಿಗೆ ನಾಟಕ ಐದನೆಯ ಅಂಕಕ್ಕೆ ಬಂದಿತ್ತು; ಕಚೇರಿಗೂ ಅಂದು ರಜೆ. ರಾಜನ ತಪ್ಪಿಗೆ ಕುಮುದಿನಿ ಬಾವಿಗೆ ಬಿದ್ದು ಸಾಯಬೇಕು, ರಾಜ ಎದೆ ಬಡಿದುಕೊಂಡು ಅಳಬೇಕು, ಪರದೆ ಇಳಿಯಬೇಕು. ಓಣಿ ಸತ್ತಂತೆ ಸುಮ್ಮನಿರುವುದು ಬರವಣಿಗೆಯಲ್ಲಿ ಮುಳುಗಿದ ಅವನ ಗಮನಕ್ಕೇ ಬರಲಿಲ್ಲ.

“ಕುಮುದಿನೀ, ನೀನು ಇಂದು ಬಾವಿಗೆ ಬೀಳಲೇಬೇಕು. ನನಗೆ ಬೇರೆ ದಾರಿಯಿಲ್ಲ” ಎಂದ.

“ತಪ್ಪು ಮಾಡಿದಾಂವ ನೀ, ಬಾವಿಗಿ ಬೀಳಾಕಿ ನಾ ಏನು?”

“ಹಟ ಮಾಡಬೇಡ. ನಿನ್ನನ್ನು ಬೀಳಿಸಿದರೆ ಐದನೆಯದು ಮುಗಿಯಿತು.”

“ಅಷ್ಟ ಅವಸರ ಇದ್ರ ನೀನ ಹೋಗಿ ಬೀಳು.”

ಇಂದು ಅವಳ ದನಿ ಎಂದಿಗಿಂತ ಸ್ಪಷ್ಟವಾಗಿದೆ ಎನಿಸಿತು. ಕೊನೆಯ ಅಂಕಕ್ಕೆ ಬರುವಷ್ಟರಲ್ಲಿ ಪಾತ್ರ ಪಕ್ವವಾಗಿದೆ ಎಂದುಕೊಂಡ.

ಎದುರು ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಬಾಳವ್ವನ ಕೈಯಿಂದ ಮೊರ ಬಿತ್ತು. ಊರಿನ ಮದುವೆ, ಬಸಿರು, ಮನಸ್ತಾಪಗಳೆಲ್ಲ ಸಂಬಂಧಪಟ್ಟವರಿಗಿಂತ ಮೊದಲು ಬಾಳವ್ವನಿಗೆ ತಿಳಿಯಬೇಕು. ಇಷ್ಟು ದಿನ ಎದುರಿಗೇ ಒಬ್ಬ ಹೆಣ್ಣುಮಗಳಿದ್ದೂ ತನಗೆ ಗೊತ್ತಾಗಲಿಲ್ಲವೆಂಬುದು ಅವಳಿಗೆ ಸಾವಿಗಿಂತ ದೊಡ್ಡ ಸಂಕಟವಾಯಿತು. ಸೆರಗು ಸಿಕ್ಕಿಸಿಕೊಂಡು ಭೀಮಪ್ಪನ ಬಾಗಿಲಿಗೆ ಓಡಿದಳು.

“ನಿನ್ನ ಬಾಡಿಗಿ ಕಾರಕೂನ ಒಬ್ಬಾಕಿನ್ನ ಒಳಗ ಇಟ್ಕೊಂಡಾನ. ಬಾವಿಗಿ ನೂಕ್ತೇನಿ ಅನ್ನಾಕತ್ತಾನ. ಐದನೇಯಾಕಿ ಅಂತ. ನಾಕು ಮಂದಿನ್ನ ಮೊದ್ಲ ಮುಗಿಸ್ಯಾನ.”

ಮಗ್ಗವಿಲ್ಲದ ದಿನ ನೇಕಾರನ ಕೈಕಾಲಿಗೆ ಕೆಲಸವಿರುವುದಿಲ್ಲ. ಅರ್ಧ ತಾಸಿನಲ್ಲಿ ಇಡೀ ಓಣಿ ಬಾವಿಯ ಸುತ್ತ ಕೂಡಿತು. ಓಣಿಯ ಕ್ಷೌರಿಕ ಯಮನಪ್ಪನಿಗೆ ಬಾವಿಗೆ ಬಿದ್ದ ಕೊಡ ತೆಗೆಯುವುದು ಉಪಕಸುಬು. ಅವನು ಕೊಕ್ಕೆಗಳ ಗೊಂಚಲಿದ್ದ ತನ್ನ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಮೊದಲು ಒಂದು ಹರಕು ಬುಟ್ಟಿ ಬಂತು. ಆಮೇಲೆ ಒಂದು ತಾಮ್ರದ ಕೊಡ. ಎರಡು ವರ್ಷದ ಹಿಂದೆ ಭೀಮಪ್ಪನ ಮನೆಯವರು ಕದ್ದರೆಂದು ಬಾಳವ್ವ ಊರೆಲ್ಲ ಸಾರಿದ್ದ ಕೊಡವೇ ಅದು.

“ಹೆಣ ಸಿಗ್ಲಿಲ್ಲ, ಖರೇ ಸಿಕ್ತು” ಎಂದ ಭೀಮಪ್ಪ.

“ಹಂಗಾರ ಆಕಿ ಇನ್ನೂ ಜೀವಂತ ಅದಾಳ. ಒಳಗ ನೋಡ್ರಿ” ಎಂದು ಬಾಳವ್ವ ಮಾತು ತಿರುಗಿಸಿದಳು.

ಹದಿನೈದು ಜನ ಒಮ್ಮೆಗೇ ಒಳಗೆ ನುಗ್ಗಿದಾಗ ಶಾಂತಿನಾಥನಿಗೆ ಮೊದಲು ಆದದ್ದು ಸಂತೋಷ. ನಾಲ್ಕು ವರ್ಷದಲ್ಲಿ ಅವನ ಕೋಣೆಗೆ ಬಂದ ಮೊದಲ ಅತಿಥಿಗಳು ಅವರು. “ಬರ್ರಿ, ಕುಂದರ್ರಿ” ಎಂದು ಇದ್ದ ಒಂದೇ ಚಾಪೆ ಬಿಡಿಸುವಷ್ಟರಲ್ಲಿ ಅವರು ಟ್ರಂಕು ತೆಗೆದಿದ್ದರು, ಜೋಳದ ಗಡಿಗೆಯಲ್ಲಿ ಕೈ ಹಾಕಿದ್ದರು, ಹಾಸಿಗೆ ಸುರುಳಿಯನ್ನು ಕೋಲಿನಿಂದ ತಿವಿದಿದ್ದರು. ಹೆಣ್ಣುಮಗಳಿರಲಿ, ಇಲಿ ಅಡಗುವಷ್ಟೂ ಜಾಗ ಆ ಕೋಣೆಯಲ್ಲಿರಲಿಲ್ಲ.

“ಎಲ್ಲಿ ಆಕಿ?” ಎಂದು ಗಿರಿಮಲ್ಲಪ್ಪ ಕೇಳಿದ.

ವಿಷಯವನ್ನು ಬಾಳವ್ವ ಬಿಡಿಸಿ ಹೇಳಿದಳು. ತನ್ನ ತಲೆಯೊಳಗಿನ ಮಾತು ಇವರಿಗೆ ಹೇಗೆ ಕೇಳಿತು? ಅರಿವಿಲ್ಲದೆ ತಾನೇ ಅವಳ ಮಾತನ್ನೂ ಆಡುತ್ತಿರಬೇಕು. ಹಾಳೆಗಳನ್ನು ಎದೆಗವಚಿಕೊಂಡು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ: “ಇದು ನಾಟಕ್ರೀ ಅಣ್ಣಾರ. ಕುಮುದಿನಿ ಅನ್ನಾಕಿ ಯಾರೂ ಇಲ್ಲ. ನಾನ ಹುಟ್ಟಿಸಿದ್ದು. ಆಕೀ ಜೋಡಿ ಆಡಿದ ಮಾತಿನ್ಯಾಗ ಖರೇ ಅಂಬೂದು ಒಂದೂ ಇಲ್ಲ, ಎಲ್ಲಾ ಬರಿಯೂ ಸಲುವಾಗಿ.”

“ಹಂಗಾರ ಆ ದನಿ ತಗದ ತೋರ್ಸ್ರಿ” ಎಂದಳು ಬಾಳವ್ವ.

ಶಾಂತಿನಾಥ ಗಂಟಲು ಸರಿಮಾಡಿಕೊಂಡು ತೆಗೆದ. ಬಾಗಿಲಿನ ಕೀಲು ಕಿರುಗುಟ್ಟಿದಂತಾಯಿತು. ಹೊರಗೆ ಮಲಗಿದ್ದ ನಾಯಿ ಎದ್ದುಹೋಯಿತು.

“ನಾ ಕೇಳಿದ್ದು ಇದಲ್ಲ” ಎಂದು ಬಾಳವ್ವ ತೀರ್ಪು ಕೊಟ್ಟಳು.

“ಮಂದಿ ಮುಂದ ನಾಚಿಕಿ ಆಗ್ತೈತ್ರಿ” ಎಂದು ಶಾಂತಿನಾಥ ಬೇಡಿಕೊಂಡ. ಗಿರಿಮಲ್ಲಪ್ಪ ನ್ಯಾಯವಂತ. ಎಲ್ಲರೂ ಹೊರಗೆ ನಿಲ್ಲುವುದು, ಕಾರಕೂನರು ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಆಡುವುದು, ಆ ದನಿ ಬಂದರೆ ಸರಿ, ಬಾರದಿದ್ದರೆ ಇವತ್ತೇ ಕೋಣೆ ಖಾಲಿ ಮಾಡಿಸುವುದು ಎಂದು ಗೊತ್ತುಮಾಡಿದ.

ಬಾಗಿಲು ಮುಚ್ಚಿತು. ಶಾಂತಿನಾಥ ಗೋಡೆಗೊರಗಿ ಕೂತ. ಹೊರಗೆ ಇಡೀ ಓಣಿ ಬಾಗಿಲಿಗೆ ಕಿವಿ ಹಚ್ಚಿತ್ತು. ಎರಡನೆಯ ಅಂಕದ ಮಾತನ್ನು ಹೇಳಿದ: “ಕುಮುದಿನೀ, ನನ್ನನ್ನು ಒಬ್ಬನನ್ನೇ ಬಿಟ್ಟು ಹೋಗುವೆಯಾ?”

ಆಮೇಲೆ ಆ ದನಿ ಬಂತು.

“ಹೋಗಾಕ ನಾ ಎಲ್ಲಿದ್ನಿ? ಇಲ್ಲದಾಕಿನ್ನ ಯಾಕ ಕರೀತಿ?”

ಶಾಂತಿನಾಥನ ತುಟಿ ಅಲುಗಿರಲಿಲ್ಲ. ಆ ಮಾತು ಅವನ ಹಾಳೆಯಲ್ಲೂ ಇರಲಿಲ್ಲ. ಅದು ತಲೆಯೊಳಗಿಂದ ಬಂದದ್ದಲ್ಲ, ತಲೆಯ ಮೇಲಿನಿಂದ. ಕತ್ತೆತ್ತಿ ನೋಡಿದ. ಭೀಮಪ್ಪನ ಮನೆಗೂ ತನ್ನ ಕೋಣೆಗೂ ನಡುವಿನ ಗೋಡೆ ತೊಲೆಯ ತನಕ ಮುಟ್ಟಿರಲಿಲ್ಲ, ಗೇಣಗಲದ ಸಂದಿತ್ತು. ಆ ಗೋಡೆಯಾಚೆ, ಭೀಮಪ್ಪನ ವಿಧವೆ ಅಕ್ಕ ಶಿವಗಂಗವ್ವ ಹಗಲೆಲ್ಲ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಾಳೆಂದು ಅವನು ಕೇಳಿ ಬಲ್ಲ. ಮುಖ ನೋಡಿದ್ದು ನೆನಪಿರಲಿಲ್ಲ.

ಹೊರಗೆ ಚಪ್ಪಾಳೆ ಬಿತ್ತು. ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂದೆ ಭೀಮಪ್ಪ ನಿಂತಿದ್ದ, ಹುಬ್ಬು ಗಂಟಿಕ್ಕಿಕೊಂಡು. “ಈ ದನಿ ಎಲ್ಲೋ ಕೇಳಿದಂಗ ಐತೆಲ್ರೀ” ಎಂದ.

ಶಾಂತಿನಾಥ ಅವಸರದಿಂದ ನಡುವೆ ಬಾಯಿ ಹಾಕಿ, “ನಂದ್ರೀ. ನಂದ ದನಿ” ಎಂದ.

ಭೀಮಪ್ಪ ಇನ್ನೊಂದಿಷ್ಟು ನೆನೆದು, “ಹಾಂ, ರಬಕವಿ ನಾಟಕದಾಗ ಕೇಳಿದ್ನಿ ಕಾಣ್ತೈತಿ” ಎಂದು ಸಮಾಧಾನ ಮಾಡಿಕೊಂಡ. ಒಂದೇ ಸೂರಿನ ಕೆಳಗೆ ಹನ್ನೆರಡು ವರ್ಷ ಇದ್ದ ಅಕ್ಕನ ದನಿ ಅವನಿಗೆ ಗುರುತು ಹತ್ತಲಿಲ್ಲ. ಆ ಮನೆಯಲ್ಲಿ ಅವಳನ್ನು ಯಾರಾದರೂ ಏನಾದರೂ ಕೇಳಿದ್ದರಲ್ಲವೇ ಅವಳು ಉತ್ತರ ಕೊಡುವುದು.

ಗಿರಿಮಲ್ಲಪ್ಪ ಮಾತ್ರ ಶಾಂತಿನಾಥನ ಎರಡೂ ಕೈ ಹಿಡಿದುಕೊಂಡಿದ್ದ. ಮಂಡಳಿಯ ಹೆಣ್ಣು ಪಾತ್ರದವನು ಹೊಟ್ಟೆ ಬಂದು ರಾಣಿಗಿಂತ ಆನೆಗೇ ಒಪ್ಪುವಂತಾಗಿದ್ದ. “ಕಾರಕೂನರ, ನೀವು ಬರಿಯೂದು ಬಿಡ್ರಿ. ಬರಿಯಾಕ ಯಾರರೆ ಸಿಗ್ತಾರ. ಇಂಥಾ ದನಿ ಜಮಖಂಡಿ, ಮುಧೋಳದಾಗೂ ಸಿಗೂದಿಲ್ಲ. ಕುಮುದಿನಿ ಪಾತ್ರ ನಿಮ್ದ. ಇವತ್ತ ಸಂಜೀಕ ತಾಲೀಮು.”

ಬೇಡವೆಂದರೆ ದನಿ ಯಾರದೆಂದು ಹೇಳಬೇಕಾಗುತ್ತದೆ. ಶಾಂತಿನಾಥ “ಹೂಂನ್ರಿ” ಎಂದ.

ಜನ ಚದುರಿದ ಮೇಲೆ ಅವನು ಗೋಡೆಯ ಹತ್ತಿರ ಹೋಗಿ ನಿಂತ. ಇಷ್ಟು ದಿನ ಮಾತಿನ ಮಳೆ ಸುರಿಸಿದವನಿಗೆ ಈಗ ಹೆಸರು ಹಿಡಿದು ಕರೆಯುವುದೂ ಕಷ್ಟವಾಯಿತು.

“ಶಿವಗಂಗವ್ವಾರ… ನೀವೇನ್ರಿ?”

“ಹೂಂ.”

“ನನ್ನ ಮರ್ಯಾದಿ ಉಳಿಸಿದ್ರಿ.”

“ಇರ್ಲಿ ಬಿಡ್ರಿ. ಕ್ವಾಣಿ ಹೋಗ್ತಿತ್ತು ನಿಮ್ದು.”

‘ರೀ’ ಮರಳಿ ಬಂದದ್ದು ಅವನಿಗೆ ತಟ್ಟಿತು. ಅವಳೇ ನಿಧಾನವಾಗಿ ಮುಂದುವರಿಸಿದಳು: “ನೀವು ನನ್ನ ಜೋಡಿ ಮಾತಾಡಾಕತ್ತೀರಿ ಅಂದ್ಕೊಂಡಿದ್ನಿ. ಹೆಸರು ಗೊತ್ತಿರ್ಲಿಕ್ಕಿಲ್ಲ, ಅದಕ್ಕ ಒಂದು ಛಲೋ ಹೆಸರಿಟ್ಟು ಕರೀತಾರ ಅಂತ. ಬಾವಿಗಿ ಬೀಳು ಅಂದಾಗ ಸಿಟ್ಟು ಬಂತು. ಆದ್ರೂ ಒಳಗ ಖುಷಿನೂ ಆತು. ಗಂಡ ಹೋಗಿ ಹನ್ನೆರಡು ವರ್ಷಾತು, ನನ್ನ ಜೋಡಿ ಜಗಳಾ ಅಂತ ಯಾರೂ ಆಡಿದ್ದಿಲ್ಲ. ಇವತ್ತ ನೀವು ಅಷ್ಟು ಮಂದಿ ಮುಂದ ಹೇಳಿದ್ರೆಲ್ಲ, ಅಂಥಾಕಿ ಯಾರೂ ಇಲ್ಲಂತ. ತಿಳೀತು.”

“ನಾ ಹಂಗ ಅಂದಿದ್ದು…” ಎಂದು ಶುರುಮಾಡಿದ. ಮುಂದಿನ ಮಾತು ಹೊಳೆಯಲಿಲ್ಲ. ಹೊಳೆಯದಿದ್ದಾಗಲೆಲ್ಲ ಹೇಳಿಕೊಡುತ್ತಿದ್ದವಳು ಗೋಡೆಯಾಚೆ ಸುಮ್ಮನೆ ಕೂತಿದ್ದಳು.

“ಶಿವಗಂಗವ್ವಾರ, ಒಂದ ಮಾತು ಆಡ್ರಿ. ಬೇಕಾರ ಬೈರಿ.”

ಅವನು ಅಲ್ಲಿಯೇ ಬಹಳ ಹೊತ್ತು ನಿಂತ. ಬಿಸಿಲು ಹೊಸ್ತಿಲು ದಾಟಿ ಹಿಂದೆ ಸರಿಯಿತು.

ಆಮೇಲೆ ಯಾರೋ ಬಾಗಿಲು ಬಡಿದರು. “ಕುಮುದಿನಿಬಾಯಾರ, ಬಾಗಲಾ ತಗೀರಿ.”

ಯಮನಪ್ಪ ತನ್ನ ಹಡಪದ ಚೀಲ ಹಿಡಿದು ನಿಂತಿದ್ದ. ಗಿರಿಮಲ್ಲಪ್ಪ ಕಳಿಸಿದ್ದ. ತಾಲೀಮಿಗೆ ಮೊದಲು ಮೀಸೆ ಹೋಗಬೇಕು. ಶಾಂತಿನಾಥ ಗೋಡೆಗೆ ಬೆನ್ನು ಹಚ್ಚಿ ಕೂತ. ಯಮನಪ್ಪ ಬಟ್ಟಲಿಗೆ ನೀರು ಹಾಕಿಕೊಂಡು, ಎಡಗೈಯಿಂದ ಅವನ ಗದ್ದ ಎತ್ತಿ ಹಿಡಿದು, ಮೀಸೆಯನ್ನು ಒದ್ದೆಮಾಡತೊಡಗಿದ.

ಶಾಂತಿನಾಥ ತಟ್ಟನೆ ಅವನ ಕೈ ತಡೆದ. ತೊಲೆಯ ಕಡೆ ಮುಖ ಎತ್ತಿ, ಅತ್ತಲಿನ ಕೋಣೆಗೂ ಮುಟ್ಟುವಂತೆ ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: “ಕುಮುದಿನಿ ಅನ್ನಾಕಿ ಖರೇನ ಅದಾಳ.”

ಗೋಡೆಯಾಚೆಯಿಂದ ಸದ್ದು ಬರಲಿಲ್ಲ. ಯಮನಪ್ಪ ಕತ್ತಿಯನ್ನು ಅಂಗೈಗೆ ಎರಡು ಸಲ ಮಸೆದ.

“ಆಗ್ತಾಳ್ರಿ, ಆಗ್ತಾಳ” ಎಂದ. “ಅಳಗ್ಯಾಡಬ್ಯಾಡ್ರಿ. ಇನ್ನ ಅರ್ಧ ತಾಸು.”